ಖಾಲಿ ವಹಿ

ಕಡತದಾಗ ಒಂದೇ ಸಾಲು ಬದಲಿಸಿದ್ದೆ.
ಹಳೆ ಡ್ರೈವರಿನ ಹೆಸರು ಅಳಿಸಿ, ಹೊಸದರದು ಬರೆದು,
ಮತ್ತ ಚಾಲೂ ಮಾಡಿ
ಚಹಾಕ್ಕ ಹೋದೆ.

ಹೊರಗ ಮೇ ತಿಂಗಳ ಕಲಬುರಗಿ,
ರಾತ್ರಿ ಹನ್ನೊಂದಾದರೂ ಶಹಾಬಾದ ಕಲ್ಲು ಅಂಗಾಲು ಸುಡುತದ.
ಒಳಗ ಸರ್ವರುಗಳಿಗೆ ಹದಿನೆಂಟು ಡಿಗ್ರಿ,
ನನಗೊಂದು ಶಾಲು.

ತಿರುಗಿ ಬಂದರೆ ಲಾಲ್‌ಸಾಬ ಬಾಗಿಲಿನಾಗ:
"ಸಾವಳಗಿ ಮೇಡಂ, ದವಾಖಾನಿಯಿಂದ ಫೋನ್ ಮ್ಯಾಲ ಫೋನು.
ಎಕ್ಸ್‌ರೇ ಕಾಣವಲ್ದಂತ್ರಿ."

ಕಾಣುವುದಾದರೂ ಹೆಂಗ?
ಹತ್ತು, ಸೊನ್ನೆ, ಏಳು, ಎರಡು:
ಮೂರು ವರ್ಷದಿಂದ ಎಕ್ಸ್‌ರೇ ಯಂತ್ರ ಅಲ್ಲೇ ವಾಸ.
ಈಗ ಅದೇ ವಿಳಾಸ
ಹತ್ತು ನಿಮಿಷದ ಹಿಂದೆ ಹುಟ್ಟಿದ ಇನ್ನೊಂದಕ್ಕೂ.

ಹೊಸ ಡ್ರೈವರಿನ ತಪ್ಪೇನಿಲ್ಲ.
ಕೇಳಿದವರಿಗೆ ವಿಳಾಸ ಕೊಡು ಅಂದೆ, ಕೊಟ್ಟಿತು.
ಅದರ ಕೈಯಾಗಿನ ವಹಿ ಖಾಲಿ.
ಯಾರಿಗೆ ಏನು ಕೊಟ್ಟಿದ್ದೆನೆಂದು ಹಳೆಯದು ಹೇಳಿ ಹೋಗಲಿಲ್ಲ,
ಕೇಳಬೇಕಾದವಳು ಚಹಾ ಕುಡಿಯುತ್ತಿದ್ದಳು.

ನಮ್ಮ ಸೋದರಮಾವ ಶಾಂತಮಲ್ಲಪ್ಪ ಮಕ್ತಂಪುರದಾಗ
ಮುನಸಿಪಾಲ್ಟಿಯ ಮನೆನಂಬರು ಬರೆಯುತ್ತಿದ್ದ.
ಸುಣ್ಣದ ಗೋಡೆ, ಕರೇ ಬಣ್ಣ,
ಐದು, ಗೀಟು, ನಾನೂರ ಎಂಟು, ಓರೆಗೀಟು, ನಾಲ್ಕು.
ಅಣ್ಣತಮ್ಮರು ಬೇರೆಯಾದರೆ ಓರೆಗೀಟಿನಾಚೆ ಹೊಸ ಅಂಕಿ.
ಕೆಲಸಕ್ಕೆ ಸೇರಿದ ದಿನ, ಪರದೆ ಮ್ಯಾಲ
ಓರೆಗೀಟು ಇಪ್ಪತ್ನಾಲ್ಕು ಕಂಡು ನಾನು ನಕ್ಕಿದ್ದು ಅದಕ್ಕ.

ಮಾವ ಕಾಮಾಲೆಯಾಗಿ ತೀರಿಕೊಂಡ.
ಅವನ ಜಾಗಕ್ಕೆ ಬಂದವನು ವಹಿ ಎಲ್ಲಿ ಅಂತ ಕೇಳದೆ
ಗಲ್ಲಿಯ ಆ ತುದಿಯಿಂದ 'ಒಂದು' ಅಂತ ಶುರು ಮಾಡಿದ.
ವಹಿ ಅತ್ತಿಯ ಟ್ರಂಕಿನಾಗಿತ್ತು, ಇಳಕಲ್ಲ ಸೀರೆ ಕೆಳಗ.

ಹಿಂಗಾಗಿ ಗುಂಡಮ್ಮಳ ಪಿಂಚಣಿ ಮೋಹ್ಸಿನಾಬೀ ಮನಿಗೆ,
ಮೋಹ್ಸಿನಾಬೀ ಮಗಳ ಮಾರ್ಕ್ಸ್ ಕಾರ್ಡು ಗುಂಡಮ್ಮಳ ಕಟ್ಟಿಗೆ.
ಮೊದಲ ವರ್ಷ ಜಗಳ.
ಆಮ್ಯಾಲ ದಿನಾ ಸಂಜಿಗೆ
ಸೆರಗಿನಾಗ ಕಾಗದ ಹಿಡಕೊಂಡು ಇಬ್ಬರೂ ನಡುದಾರಿಯಲ್ಲಿ ಎದುರಾಗುವರು,
ಕಾಗದ ಇಲ್ಲದ ದಿನವೂ.
ಹನ್ನೊಂದು ವರ್ಷ
ಒಂದೇ ನಂಬರಿನಾಗ ಎರಡು ಮನಿ ಬಾಳಿದವು.

ಯಂತ್ರಗಳಿಗೆ ಸೆರಗಿಲ್ಲ.
ಒಂದಕ್ಕೆ ಬಂದ ಮಾತು ಇನ್ನೊಂದು ನುಂಗಿ ಸುಮ್ಮನಿರುತದ,
ನಡುವಿನ ಸ್ವಿಚ್ಚು ಅತ್ತ ಇತ್ತ ಗೋಣು ತಿರುವುತದ.
ದವಾಖಾನಿಯಾಗ ಯಾರದೋ ಮುರಿದ ಮುಂಗೈ ಕಾಯುತದ.

ಹಳೆಯದನ್ನೇ ಮತ್ತ ಕರೆದೆ. ಎಕ್ಸ್‌ರೇ ಕಂಡಿತಂತ.
ಶಾಲು ಬಿಗಿದು ಕುಂತು
ಅದರ ನೆನಪು ಇಳಿಸಿಕೊಂಡೆ ಸಾಲು ಸಾಲಾಗಿ,
ನೂರಾ ಎಂಬತ್ತೆಂಟು ವಿಳಾಸ.
ಅದರಾಗ ಹತ್ತೊಂಬತ್ತು ಸತ್ತವರವು, ಇನ್ನೂ ಅವರ ಹೆಸರಿಗೇ.
ಅಷ್ಟನ್ನು ಕಿತ್ತು,
ಉಳಿದದ್ದು ಹೊಸ ವಹಿಗೆ ಏರಿಸಿ,
ಆಮೇಲೆ ಆ ಒಂದು ಸಾಲು ಬದಲಿಸಿದೆ.
ಈ ಸಲ ಚಹಾಕ್ಕ ಹೋಗಲಿಲ್ಲ.

ಬೆಳಕಾದ ಮ್ಯಾಲ ಅತ್ತಿಗೆ ಫೋನ್ ಹಚ್ಚಿದೆ:
ಮಾವನ ವಹಿ ಅದ ಏನು?
"ಅದ. ಅರ್ಧ ವರಲಿ ತಿಂದಾವ.
ಯಾಕವ್ವ, ಯಾರರ ಮನಿ ಕಳಕೊಂಡಾರೇನು?"