ಗೆರೆಯ ದಪ್ಪ

ಲಿಸ್ಬನ್ನಿನ ಹೊರವಲಯ, ಕಿಟಕಿಯಿಲ್ಲದ ಕೋಣೆ.
ಆಟ ನಡೆಯುತ್ತಿರುವುದು ಮುನ್ನೂರು ಕಿಲೋಮೀಟರ್ ಆಚೆ.
ಹನ್ನೊಂದು ಪರದೆ, ಆರಿದ ಕಾಫಿ, ಕಿವಿ ಕಚ್ಚುವ ಹೆಡ್‌ಫೋನ್.
ಅಲ್ಲಿ ಮಳೆಯಂತೆ; ನನಗೆ ಗೊತ್ತಾದದ್ದು
ನಾಲ್ಕನೇ ಕ್ಯಾಮೆರಾದ ಗಾಜು ಒರೆಸುವ ಕೈ ಕಂಡಾಗ.

ಎಂಬತ್ತೆಂಟನೇ ನಿಮಿಷ. ಟೆಲ್ಮು ಹೊಡೆದ.
ಬಲೆ ಉಬ್ಬಿತು, ಗಾಳಿ ಹೊಕ್ಕ ಹಾಯಿಯ ಹಾಗೆ.
ಊರೆಲ್ಲ ಮುಂದಕ್ಕೆ ನುಗ್ಗಿತು.
ನಾನು ಮಾತ್ರ ಗುಂಡಿ ಒತ್ತಿ ಹಿಂದಕ್ಕೆ ಹೋದೆ,
ಅವನಿನ್ನೂ ಹೊಡೆಯದ, ಚೆಂಡಿನ್ನೂ
ಬೇರೊಬ್ಬನ ಕಾಲಲ್ಲಿದ್ದ ಕಾಲಕ್ಕೆ.

ಚೆಂಡು ಬೂಟು ಬಿಟ್ಟ ಗಳಿಗೆ ಯಾವುದು?
ಈ ಚಿತ್ರದಲ್ಲಿ ಅಂಟಿಕೊಂಡಿದೆ,
ಮುಂದಿನದರಲ್ಲಿ ಬಿಟ್ಟಾಗಿದೆ.
ಬಿಟ್ಟದ್ದು ಎರಡರ ನಡುವೆ ಎಲ್ಲೋ,
ಯಾವ ಕ್ಯಾಮೆರಾಕ್ಕೂ ಎಚ್ಚರವಿಲ್ಲದ ಸಂದಿಯಲ್ಲಿ.
ಒಂದನ್ನು ಆರಿಸಬೇಕು. ಆರಿಸಿದೆ.
ರಕ್ಷಕನ ಮಂಡಿಯಿಂದ ನೀಲಿ ಗೆರೆ,
ಟೆಲ್ಮುವಿನ ಭುಜದಿಂದ ಕೆಂಪು ಗೆರೆ.
ನಡುವೆ ಎರಡು ಬೆರಳು. ಅಪ್ಪನ ಬೆರಳಾದರೆ ಒಂದೇ.

ಅಪ್ಪ, ಅಡೆಲಿನು. ವಾರವಿಡೀ ಸೆತೂಬಲ್ಲಿನ ಕಾರ್ಖಾನೆಯಲ್ಲಿ
ಸಾರ್ಡೀನ್ ಡಬ್ಬಿಗಳಿಗೆ ಮುಚ್ಚಳ ಒತ್ತುವವ,
ಭಾನುವಾರ ಬಾವುಟ ಹಿಡಿದು ಗೆರೆಯುದ್ದ ಓಡುವವ.
ಸಣ್ಣ ಲೀಗು; ಹೊರಗಿನವರನ್ನು ಕರೆಸಲು ದುಡ್ಡಿರಲಿಲ್ಲ.
ನನಗಾಗ ಏಳು ವರ್ಷ. ಒಂದು ಚೆಂಡು
ಅಡ್ಡಕಂಬಕ್ಕೆ ಬಡಿದು, ಕೆಳಗೆ ಬಿದ್ದು, ಹೊರಕ್ಕೆ ಚಿಮ್ಮಿತು.
ಒಳಗೆ ಬಿತ್ತೋ, ಗೆರೆಯ ಮೇಲೋ,
ಅಪ್ಪ ನಡುಗೆರೆಯತ್ತ ಓಡಲಿಲ್ಲ. ನಿಂತ.
ನಮ್ಮ ಬಂದರಿನ ತಂಡ ಕೆಳದರ್ಜೆಗೆ ಜಾರಿತು.

ಮರುದಿನ ಕ್ಷೌರಿಕ ಎವರಿಷ್ಟು
ಅಪ್ಪನ ಅರ್ಧ ಮುಖ ಬೋಳಿಸಿ ಕತ್ತಿ ಮಡಚಿದ:
"ಇನ್ನರ್ಧ ಗೆರೆ ದಾಟಿಲ್ಲ, ಅಡೆಲಿನು."
ಅಂಗಡಿ ತುಂಬ ನಗು.
ಅರ್ಧ ಗಡ್ಡದಲ್ಲೇ ಅಪ್ಪ ಕೆಲಸಕ್ಕೆ ಹೋದ.
ಬೇಕರಿಯಲ್ಲಿ ಅಮ್ಮನಿಗೆ ವರ್ಷಗಟ್ಟಲೆ ಸೀದ ಬ್ರೆಡ್ಡೇ ಸಿಕ್ಕಿತು.

ಈ ಹನ್ನೊಂದರಲ್ಲಿ ಒಂದು ಪರದೆ ಅಂದಿದ್ದಿದ್ದರೆ!
ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರಲ್ಲ,
ಅದಕ್ಕೆ ಸಂಬಳವನ್ನೂ ಕೊಡುತ್ತಾರೆಂದರೆ ಬಿಡಲಾದೀತೆ?
ಹೋದ ತಿಂಗಳು ಕೈಯಿಂದ ತಳ್ಳಿದ ಗೋಲೊಂದನ್ನು ಅಳಿಸಿದೆ.
ಆ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತು.

ಆದರೆ ಈ ಮುದುಕ.
ಏಳನೇ ಪರದೆಯ ಮೂಲೆಯಲ್ಲಿ, ನೆನೆದ ಟೋಪಿ,
ಗೋಲಾದ ಕೂಡಲೆ ಪಕ್ಕದ ಅಪರಿಚಿತನನ್ನು ತಬ್ಬಿದವ.
ನಾನು ಗೆರೆ ಎಳೆದಷ್ಟು ಹೊತ್ತೂ,
ಮೂರು ನಿಮಿಷ ನಲವತ್ತು ಸೆಕೆಂಡು,
ತಬ್ಬಿಯೇ ಇದ್ದ. ಬಿಗಿಯದೆ, ಬಿಡದೆ,
ಕೈಗಡ ತಂದ ಗಾಜಿನ ಪಾತ್ರೆ ಹಿಡಿದವನ ಹಾಗೆ.
"ಆಫ್‌ಸೈಡ್" ಅಂದೆ ಮೈಕಿಗೆ.
ರೆಫರಿ ಕೈಯೆತ್ತಿ ಗಾಳಿಯಲ್ಲಿ ಚೌಕ ಬರೆದ.
ಮುದುಕ ತೋಳು ತೆಗೆದ, ಕೋಟು ನೇರ ಮಾಡಿಕೊಂಡ,
ಯಾರದೋ ಮನೆಯ ಬಾಗಿಲು ತಪ್ಪಿ ತಟ್ಟಿದವನಂತೆ ಏನೋ ಅಂದ.
ಆ ಮಾತಿಗೆ ನಮ್ಮಲ್ಲಿ ಮೈಕಿಲ್ಲ.

ಆಮೇಲೊಂದು ಗೋಲು ಬಂತು, ತೊಂಬತ್ತನಾಲ್ಕಕ್ಕೆ,
ಕೂದಲೆಳೆಯಷ್ಟೂ ಅನುಮಾನವಿಲ್ಲದ್ದು.
ಅವನು ಏಳಲಿಲ್ಲ. ಮೊದಲು ನನ್ನತ್ತ ನೋಡಿದ,
ಅಂದರೆ ದೊಡ್ಡ ಪರದೆಯತ್ತ.

ರಾತ್ರಿ ಅಪ್ಪನ ಫೋನು. ಈಗವನಿಗೆ ಟಿವಿಯಲ್ಲಿ ಚೆಂಡು ಕಾಣುವುದಿಲ್ಲ,
ಆಟಗಾರರು ಓಡುವ ದಿಕ್ಕಿನಿಂದ ಊಹಿಸಿಕೊಳ್ಳುತ್ತಾನೆ.
"ಸರಿಯಾಗೇ ಹೇಳಿದೆ," ಅಂದ.
ಕೇಳಿಯೇಬಿಟ್ಟೆ: ಅಂದಿನ ಆಟದ್ದೊಂದು ರೀಲು
ಯಾರದೋ ಅಟ್ಟದಲ್ಲಿ ಸಿಕ್ಕರೆ, ನೋಡುತ್ತೀಯಾ?

ಅಪ್ಪ ಕೆಮ್ಮಿದ.
ಎವರಿಷ್ಟು ಹೋಗಿ ಒಂಬತ್ತು ವರ್ಷ ಅಂದ.
ಕೊನೆಕೊನೆಗೆ ಅವನ ಕೈ ನಡುಗುತ್ತಿತ್ತು,
ನಾನೇ ಅವನಿಗೆ ಬೋಳಿಸುತ್ತಿದ್ದೆ ಅಂದ,
ಪೂರಾ ಮುಖ.
ಆಮೇಲೆ ಸ್ವಲ್ಪ ಸುಮ್ಮನಿದ್ದು,
"ನೀನೆಳೆದ ಆ ಕೆಂಪು ಗೆರೆ,
ಅದೇ ಎಷ್ಟು ದಪ್ಪ ಇರುತ್ತೆ, ಮಗಳೇ?"