ಒಂದು ಹಿಡಿ ಕಡಿಮೆ

ಬಂದರಿನ ಹಳೆ ಅಕ್ಕಿ ಗೋದಾಮು.
ನೆಲ ಎಬ್ಬಿಸಿ ಟೈಲ್ಸ್ ಹಾಸಿ
ಮೀನೂಟದ ಹೋಟೆಲು ಮಾಡುವ ಅಂದಾಜು.
ಮೂರಡಿ ಇಳಿದಾಗ ಮುರಕಲ್ಲ ಸಂದಿಯಲ್ಲಿ
ಠಣ್ ಅಂದಿತು ಹಸನಬ್ಬನ ಪಿಕ್ಕಾಸು.

ಕೆಲಸ ನಿಂತಿತು. ಇಲಾಖೆಯಿಂದ
ಕುಂಚ, ಜರಡಿ, ಚೀಟಿ ಹಿಡಿದು ಬಂದವಳು ನಾನು.
ಶಾಸನವಿಲ್ಲ, ವಿಗ್ರಹವಿಲ್ಲ;
ನೀಲಿ ಬಳ್ಳಿಯ ಪಿಂಗಾಣಿ ಚೂರು,
ಗೆದ್ದಲು ತಿಂದುಳಿಸಿದ ತಕ್ಕಡಿ ಕೋಲು,
ಬೆನ್ನಿಗೆ ಬೆನ್ನು ತಾಗಿ ಕೂತ
ಎರಡು ಹಿತ್ತಾಳೆ ಸೇರು.

ಒಂದೇ ಎತ್ತರ, ಒಂದೇ ಬಾಯಿ.
ಬೆರಳಿಳಿಸಿದರೆ ಮಾತ್ರ ಗೊತ್ತು:
ಒಂದರ ತಳ ತುಸು ಮೇಲೆ.

"ಅದು ಕೊಳ್ಳಲಿಕ್ಕೆ, ಇದು ಕೊಡಲಿಕ್ಕೆ."
ಹಸನಬ್ಬ ನಗುತ್ತ ಬೀಡಿ ಹಚ್ಚಿದ.

ಕೂಲಿ ಇಲ್ಲಿ ಅಕ್ಕಿಯಲ್ಲೇ ಕೊಡುತ್ತಿದ್ದರಂತೆ.
ಮಂಜಿಯಿಂದ ಮೂಟೆ ಇಳಿಸುತ್ತಿದ್ದ
ನನ್ನ ಅಜ್ಜಿಯ ಅಜ್ಜಿ
ಮನೆಗೆ ಬಂದು ಗೆರಟೆಯಲ್ಲಿ ಅಳೆದು
ಸೆರಗಿನಲ್ಲಿ ತೂತು ಹುಡುಕುತ್ತಿದ್ದಳಂತೆ,
ದೀಪ ಹಿಡಿದು, ದಿನಾ.

ನಿಯಮದಲ್ಲಿ ಇಲ್ಲದ್ದು, ಆದರೂ
ಅಡುಗೆಯ ಅಪ್ಪಿಯಕ್ಕನಲ್ಲಿ ಕುಚಲಕ್ಕಿ ಕೇಳಿದೆ.
ನಿಜದ ಸೇರು ತುಂಬಿ ಸುಳ್ಳಿನದಕ್ಕೆ ಸುರಿದೆ.
ಉಕ್ಕಿ ಚೆಲ್ಲಿದ್ದನ್ನು ಬಳಿದರೆ
ಸರಿಯಾಗಿ ಒಂದು ಹಿಡಿ.

ಚೀಟಿಯಲ್ಲಿ ಬರೆದೆ:
ಅಳತೆಪಾತ್ರೆ, ಎರಡು. ಲೋಹ, ಹಿತ್ತಾಳೆ. ಸ್ಥಿತಿ, ಉತ್ತಮ.
ಹಿಡಿಯನ್ನು ಎಲ್ಲಿ ಬರೆಯುವುದು?
ಅಂಥ ಕಾಲಂ ಇಲ್ಲ.
ಎಡಗೈ ಮುಷ್ಟಿ ಬಿಗಿದೇ ಇತ್ತು,
ಬೆವರಿಗೆ ಅಕ್ಕಿ ಅಂಟತೊಡಗಿತ್ತು.

ಅಪ್ಪಿಯಕ್ಕ ಕಾಯಲಿಲ್ಲ.
ಬೆರಳು ಒಂದೊಂದಾಗಿ ಬಿಡಿಸಿ
ಎರಡು ನೀರು ತೊಳೆದು ಮಡಕೆಗೆ ಹಾಕಿ
"ಇವತ್ತು ಹನ್ನೊಂದು ಜನ" ಎಂದಳು,
"ನೀನೂ ಸೇರಿ."