ಕಾಯುವುದು

ಕೋಕಂದಿನಲ್ಲಿ ಚಿಲ್ಲಾ. ವರ್ಷದ ನಲವತ್ತು ಉರಿದಿನಗಳು.
ಬೀದಿ ಕಾಲುವೆಯ ನೀರೂ ಉಗುರುಬೆಚ್ಚಗೆ,
ಚಾವಣಿ ಮೇಲೆ ಹರವಿದ ಜರ್ದಾಳು ಎರಡೇ ದಿನಕ್ಕೆ ಚರ್ಮವಾಗಿದೆ.
ಇಂಥದರಲ್ಲಿ ಡ್ರೈವು ಕಾಯದೆ ಇರುತ್ತದೆಯೇ, ಅಂದರು ಎಲ್ಲರೂ.
ಮುಹಯ್ಯೋ ಒಪ್ಪಲಿಲ್ಲ.
ಚಿಲ್ಲಾಕ್ಕೆ ದಳ ಎಣಿಸಲು ಬರುವುದಿಲ್ಲವಲ್ಲ.

ಯಂತ್ರ ಅವಳೇ ಕಟ್ಟಿದ್ದು.
ಗುಜರಿ ಲೇತಿನ ತಿರುಪು, ಮುಚ್ಚಿದ ಹತ್ತಿ ಮಿಲ್ಲಿನ ಆಂಗಲ್ಲು,
ಮೂರು ಸ್ಟೆಪ್ಪರ್ ಮೋಟಾರು, ಅವನ್ನು ನಡೆಸಲು
ಗೋಡೆ ಹಲಗೆಗೆ ತಿರುಪು ಹಾಕಿ ಕೂರಿಸಿದ ಮೂರು ಕಪ್ಪು ಪೆಟ್ಟಿಗೆ.
ಮಾವ, ಉಸ್ತಾ ತೋಖ್ತಸೀನ್,
ಐವತ್ತು ವರ್ಷ ಉಳಿಯಲ್ಲಿ ಕಡೆದ ಬಾಗಿಲ ನಕ್ಷತ್ರಗಳನ್ನು
ಅವರ ಕೈಗೆ ನಡುಕ ಬಂದ ಮೇಲೆ
ಕರಗಾಚ್ ಮರದಲ್ಲಿ ಈಗ ಇದು ಬಿಡಿಸುತ್ತದೆ.
ಏಳನೇ ದಳದ ತನಕ.

ಎಂಟನೆಯದರಲ್ಲಿ ಟಕ್ ಎಂದು ಮೌನ, ಕೆಂಪು ದೀಪ.
ತಣಿದು ಮತ್ತೆ ಎದ್ದಾಗ
ಗೆರೆ ಎರಡು ಮಿಲಿಮೀಟರು ಆಚೆ.
ಹಲಗೆಯೆಂದರೆ ದುಡ್ಡು. ಮೂರು ಹಲಗೆ ಒಲೆಗೆ ಹೋದವು.

ಮೊದಲು ಫ್ಯಾನು ತಂದಳು, ಸತ್ತ ಕಂಪ್ಯೂಟರಿನದು.
ಗಾಳಿ ಬಂತು, ಗಾಳಿಯೊಡನೆ ಮರದ ಹೊಟ್ಟೂ ಬಂತು, ಕಾವು ಹೋಗಲಿಲ್ಲ.
ಹೀಟ್‌ಸಿಂಕ್ ಬಿಚ್ಚಿ, ಒಣಗಿದ ಪೇಸ್ಟು ಕೆರೆದು,
ಹೊಸದನ್ನು ರೊಟ್ಟಿಗೆ ಬೆಣ್ಣೆ ಸವರಿದಂತೆ ಸವರಿದಳು.
ಮೋಟಾರಿನ ಬೆನ್ನ ಚೀಟಿ ಒರೆಸಿ ಓದಿದಳು:
ಎರಡು ಪಾಯಿಂಟ್ ಎಂಟು ಆಂಪಿಯರು.
ಡ್ರೈವು ನಾಲ್ಕು ಪಾಯಿಂಟ್ ಎರಡರಲ್ಲಿ ಕೂತಿತ್ತು,
ಅಂಗಡಿಯವನು ಕೊಟ್ಟ ಹಾಗೆಯೇ.
ಸಿಕ್ಕಿಬಿದ್ದೆಯಾ ಅಂದುಕೊಂಡು ಇಳಿಸಿದಳು.
ಈ ಸಲವೂ ಅದೇ ಎಂಟನೇ ದಳ,
ಹತ್ತು ನಿಮಿಷ ತಡವಾಗಿ.

ಮನೆಮಂದಿ ಅಂಗಳದ ಮಂಚದ ಮೇಲೆ ಮಲಗಿದ ಮೇಲೆ
ಮಾಂಸಕ್ಕೆ ಚುಚ್ಚುವ ಥರ್ಮಾಮೀಟರು ಹಿಡಿದು ಕೂತಳು.
ಮಗನ ಗಣಿತದ ಪುಸ್ತಕದ ಹಿಂಬದಿ ಹಾಳೆ: ಹೊತ್ತು, ಕಾವು.
ಓಡುವಾಗ ಐವತ್ತೆಂಟು. ಐವತ್ತೊಂಬತ್ತು. ಮತ್ತೆ ಐವತ್ತೆಂಟು.
ಏಳು ದಳ ಮುಗಿದು
ಸಪೂರ ಕಟರಿಗೆ ಬದಲಿಸಲು ಯಂತ್ರ ನಿಂತಿತು.
ಅಭ್ಯಾಸಬಲ. ಎದ್ದುಹೋಗಿ
ಒಂದು ಬಟ್ಟಲು ಹಸಿರು ಚಹಾ ಕುಡಿದು ಬಂದಳು.
ಎಂಬತ್ತಮೂರು.

ಓಡಿದ್ದಕ್ಕಲ್ಲ. ನಿಂತದ್ದಕ್ಕೆ.

ಯಾರೂ ತಳ್ಳುತ್ತಿರಲಿಲ್ಲ,
ಆದರೂ ನಿಂತ ಜಾಗ ಎಳ್ಳಷ್ಟೂ ಬಿಟ್ಟುಕೊಡೆನೆಂದು
ಹಲ್ಲು ಕಚ್ಚಿ ಪೂರಾ ಕರೆಂಟು ಕುಡಿಯುತ್ತಿತ್ತು ಮೋಟಾರು.
ಮುಂದಿನ ಅಪ್ಪಣೆಗೆ ಕಾಯುವುದು,
ತನ್ನದಲ್ಲದ ಒಂದು ಚುಕ್ಕೆಯನ್ನು
ರಾತ್ರಿ ಹೊಲ ಕಾಯುವವನ ಹಾಗೆ ಕಾಯುವುದು,
ಕಾದು ಕಾದು ಕಾವಲಿಯಂತೆ ಕಾಯುವುದು.
ಇದು ನನ್ನ ಭಾಷೆಯ ಆಟ, ಅವಳದಲ್ಲ.
ಅವಳು ಅಂದದ್ದು ಇಷ್ಟೇ:
ಥೂ, ನಾಲ್ಕನೇ ಸ್ವಿಚ್ಚು.

ಡ್ರೈವಿನ ಪಕ್ಕೆಯಲ್ಲಿ ಅಕ್ಕಿಕಾಳಿನಷ್ಟು ಎಂಟು ಬಿಳಿ ಸ್ವಿಚ್ಚು.
ನಾಲ್ಕನೆಯದು ಕೆಳಗಿದ್ದರೆ ನಿಂತಾಗ ಅರ್ಧ ಕರೆಂಟು,
ಮೇಲಿದ್ದರೆ ಪೂರಾ.
ಮೂರರಲ್ಲೂ ಮೇಲಿತ್ತು. ಕಟ್ಟಿದ ದಿನ ತಾನೇ ಏರಿಸಿದ್ದು,
ಗಟ್ಟಿಯಾಗಿ ಹಿಡಿದುಕೊಳ್ಳಲಿ ಅಂತ.

ಪವರು ತೆಗೆದು, ದೀಪ ಪೂರ್ತಿ ಆರುವ ತನಕ ಎಣಿಸಿ,
ಕಿವಿಯ ಲೋಲಾಕು ಬಿಚ್ಚಿ ಅದರ ಕೊಕ್ಕೆಯಿಂದ
ಉದ್ದಕ್ಕೆ ಓಡುವ ಅಕ್ಷದ್ದನ್ನು ಕೆಳಕ್ಕೆ ನೂಕಿದಳು,
ಅಡ್ಡಕ್ಕೆ ಓಡುವುದರದ್ದನ್ನೂ.
ಮೂರನೆಯದು ಮೇಲೆ ಕೆಳಗೆ ಆಡುವುದು,
ಸ್ಪಿಂಡಲಿನ ಭಾರವೆಲ್ಲ ಹೊತ್ತದ್ದು.
ಅದನ್ನೂ ನೂಕಿ ನೋಡಿದಳು.
ನಿಂತಲ್ಲಿಂದ ಒಂದು ಕೂದಲೆಳೆ ಜಾರಿತು,
ಮರದಲ್ಲಿ ಬೇಡದ ಗುಳಿ ಬಿತ್ತು.
ಅದಕ್ಕೆ ಬಿಡುವಿಲ್ಲ. ಸ್ವಿಚ್ಚು ಮತ್ತೆ ಮೇಲಕ್ಕೆ,
ಇದ್ದೊಂದು ಫ್ಯಾನು ಅದರ ಪಾಲಿಗೆ.

ಬೆಳಿಗ್ಗೆ ಎಂಟನೇ ದಳ ಬಂತು. ಒಂಬತ್ತು. ಹತ್ತು.
ಮಾವ ಮಣೆ ಎಳೆದುಕೊಂಡು
ಮೂರನೇ ಪೆಟ್ಟಿಗೆಯ ಬಳಿ ಕೂತು,
ದೊಪ್ಪಿ ಟೋಪಿ ತೆಗೆದು ಅದಕ್ಕೆ ಗಾಳಿ ಹಾಕತೊಡಗಿದರು.
ಫ್ಯಾನು ಇದೆಯಲ್ಲ, ಅಂದಳು.
ಇರಲಿ, ಅಂದರು,
ನನ್ನ ಕೈ ಹೇಗೂ ಅಲ್ಲಾಡುತ್ತಲೇ ಇರುತ್ತದೆ.

ಅರವತ್ತನಾಲ್ಕು, ಎಂದು ಬರೆದುಕೊಂಡಳು.